ಉತ್ತರ ಹರಿದು ಬರುವ ದಾರಿ: ಜಾವಾದಲ್ಲಿ ಎಐ ಚಾಟ್‌ಬಾಟ್ ಕಟ್ಟುವ ಬಗೆ

ಎಐ ಸಹಾಯಕನ ಮುಂದೆ ಪ್ರಶ್ನೆ ಇಟ್ಟರೆ ಉತ್ತರ ಒಮ್ಮೆಲೇ ಬಂದು ಬೀಳುವುದಿಲ್ಲ. ಮೊದಲ ಪದ ಮೂಡುತ್ತದೆ, ಅದರ ಬೆನ್ನಿಗೆ ಇನ್ನೊಂದು, ನೋಡುತ್ತಿದ್ದಂತೆಯೇ ಸಾಲು ಬೆಳೆಯುತ್ತದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ತೆರೆದುಕೊಂಡ ಮೇಲೆ ಈ ನೋಟ ಎಲ್ಲರಿಗೂ ರೂಢಿಯಾಗಿಬಿಟ್ಟಿದೆ. ಆಚೆ ಬದಿಯಲ್ಲಿ ಯಾರೋ ಟೈಪ್ ಮಾಡುತ್ತಿದ್ದಾರೆ ಎಂಬ ಭಾವನೆ ಹುಟ್ಟಿಸಲು ಮಾಡಿದ ಅಲಂಕಾರ ಇದೆಂದು ತಿಳಿದವರೂ ಇದ್ದಾರೆ. ಆದರೆ ಉತ್ತರ ತಯಾರಾಗುವುದೇ ಹಾಗೆ, ತುಣುಕು ತುಣುಕಾಗಿ.

ಆ ತುಣುಕುಗಳನ್ನು ಭಾಷಾ ಮಾದರಿಯಿಂದ ಎತ್ತಿಕೊಂಡು ಓದುಗನ ಪರದೆಗೆ ತಲುಪಿಸಲು ನಡುವೆ ಒಂದು ಪ್ರೋಗ್ರಾಂ ಬೇಕು. 1995ರಿಂದ ಬಳಕೆಯಲ್ಲಿರುವ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದೊಡ್ಡ ಸಂಸ್ಥೆಗಳ ಅಪಾರ ತಂತ್ರಾಂಶ ಈಗಾಗಲೇ ಇರುವುದರಿಂದ, ಆ ನಡುವಿನ ಪ್ರೋಗ್ರಾಂ ಬರೆಯುವ ಹೊಣೆ ಹಲವು ಕಡೆ ಜಾವಾ ಬಲ್ಲವರ ಮೇಲೆಯೇ ಬೀಳುತ್ತಿದೆ. ಮೇಲ್ನೋಟಕ್ಕೆ ಎಐ ಭಾಗವೇ ಕಠಿಣ ಎನಿಸುತ್ತದೆ. ನಿಜವಾದ ತೊಡಕು ಬೇರೆ ಕಡೆ ಇದೆ. ಸಂಪರ್ಕ, ಸಂಭಾಷಣೆ, ಉತ್ತರ ಎಂಬ ಮೂರಕ್ಕೂ ಬೇರೆ ಬೇರೆ ಆಯುಷ್ಯವಿದೆ. ಉತ್ತರ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ, ಸಂಪರ್ಕ ಯಾವ ಕ್ಷಣದಲ್ಲಾದರೂ ಕಡಿಯಬಹುದು, ಸಂಭಾಷಣೆ ನಾಳೆ ಬೆಳಿಗ್ಗೆಯೂ ಮುಂದುವರಿಯಬೇಕು. ಈ ಮೂರನ್ನು ಒಂದೇ ಎಂದುಕೊಂಡು ಬರೆದ ಚಾಟ್‌ಬಾಟ್ ಅಭ್ಯಾಸದ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತದೆ. ನಿಜವಾದ ಬಳಕೆದಾರರು ಬಂದ ದಿನ ಮುಗ್ಗರಿಸುತ್ತದೆ.

ತುಣುಕುಗಳಾಗಿ ಬರುವುದೇಕೆ?

ದೊಡ್ಡ ಭಾಷಾ ಮಾದರಿ ಎಂದರೆ ಅಪಾರ ಪ್ರಮಾಣದ ಪಠ್ಯದಿಂದ ಕಲಿತ ಗಣಿತದ ವ್ಯವಸ್ಥೆ. ಈವರೆಗಿನ ಪಠ್ಯವನ್ನು ಕೊಟ್ಟರೆ ಮುಂದೆ ಯಾವ ತುಣುಕು ಬರುವ ಸಾಧ್ಯತೆ ಎಷ್ಟು ಎಂದು ಅದು ಲೆಕ್ಕ ಹಾಕುತ್ತದೆ. ಈ ತುಣುಕಿಗೆ ಟೋಕನ್ ಎಂದು ಹೆಸರು. ಟೋಕನ್ ಒಂದು ಇಡೀ ಪದವಾಗಿರಬಹುದು, ಪದದ ಭಾಗವಾಗಿರಬಹುದು, ಬರೀ ಒಂದು ವಿರಾಮ ಚಿಹ್ನೆಯೂ ಆಗಿರಬಹುದು. ಒಂದು ಟೋಕನ್ ಆಯ್ಕೆಯಾದ ಮೇಲೆ ಅದನ್ನು ಪಠ್ಯದ ಕೊನೆಗೆ ಸೇರಿಸಿ ಮತ್ತೆ ಲೆಕ್ಕ, ಮತ್ತೆ ಒಂದು ಟೋಕನ್. ಮುಗಿಯಿತು ಎಂಬ ಸೂಚನೆಯ ಟೋಕನ್ ಬರುವವರೆಗೆ ಇದೇ ಸುತ್ತು.

ಹೀಗಾಗಿ ಉದ್ದದ ಉತ್ತರ ಪೂರ್ತಿಯಾಗಲು ಹತ್ತಾರು ಸೆಕೆಂಡು ಹಿಡಿಯಬಹುದು, ಮೊದಲ ಟೋಕನ್ ಮಾತ್ರ ಬೇಗ ಸಿಗುತ್ತದೆ. ಎಲ್ಲ ಮುಗಿಯುವವರೆಗೆ ಖಾಲಿ ಪರದೆಯ ಮುಂದೆ ಕಾಯಿಸಿದರೆ ಬಳಕೆದಾರ ಕೆಟ್ಟುಹೋಗಿದೆ ಎಂದುಕೊಂಡು ಎದ್ದುಹೋಗುತ್ತಾನೆ. ತಯಾರಾದಷ್ಟನ್ನು ಆಗಲೇ ತೋರಿಸಿದರೆ ಅವನು ಓದುವ ಹೊತ್ತಿಗೆ ಮುಂದಿನದು ಬಂದಿರುತ್ತದೆ. ಒಟ್ಟು ಸಮಯ ಅಷ್ಟೇ ಇದ್ದರೂ ಕಾಯುವ ಬೇಸರ ಇಲ್ಲವಾಗುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಉತ್ತರ ಮುಗಿದ ಕೂಡಲೇ ಮಾದರಿಯ ಮಟ್ಟಿಗೆ ನಿಮ್ಮ ಮಾತುಕತೆ ಇಲ್ಲ. ಅದು ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ನೆನಪು ಇದ್ದಂತೆ ಕಾಣುವುದೆಲ್ಲ ನಡುವಿನ ಪ್ರೋಗ್ರಾಂನ ಕೆಲಸ.

ವೆಬ್‌ನ ಹಳೆಯ ಒಪ್ಪಂದ ಮತ್ತು ಅದರ ಮಿತಿ

ವೆಬ್ ನಡೆಯುವುದು ಎಚ್‌ಟಿಟಿಪಿ ಎಂಬ ನಿಯಮಾವಳಿಯ ಮೇಲೆ. ಬ್ರೌಸರ್ ಕೇಳುತ್ತದೆ, ಸರ್ವರ್ ಉತ್ತರಿಸುತ್ತದೆ, ಅಲ್ಲಿಗೆ ಆ ವ್ಯವಹಾರ ಮುಗಿಯಿತು. ಮನೆಯೊಂದರ ಬಾಗಿಲು ತಟ್ಟಿ, ಬೇಕಾದದ್ದನ್ನು ಕೇಳಿ ಪಡೆದು, ಬಾಗಿಲು ಹಾಕಿಕೊಂಡ ಮೇಲೆ ಹಿಂತಿರುಗುವ ಹಾಗೆ. ಒಳಗಿರುವವರಿಗೆ ಆಮೇಲೆ ಹೇಳಲು ಏನಾದರೂ ಇದ್ದರೂ ಅವರಾಗಿಯೇ ಹೊರಗಿನವರನ್ನು ಕರೆಯುವಂತಿಲ್ಲ. ಹೊರಗಿನವರೇ ಮತ್ತೆ ಬಂದು ತಟ್ಟಬೇಕು.

ಪುಟಗಳನ್ನು ಓದಲು ಈ ವ್ಯವಸ್ಥೆ ಸಾಕು. ಮಾತುಕತೆಗೆ ಸಾಲದು. ಹಿಂದೆ ಇದಕ್ಕೆ ಒಂದು ಉಪಾಯ ಮಾಡುತ್ತಿದ್ದರು: ಬ್ರೌಸರ್ ಪ್ರತಿ ಒಂದೆರಡು ಸೆಕೆಂಡಿಗೊಮ್ಮೆ ಹೊಸದೇನಾದರೂ ಇದೆಯೇ ಎಂದು ಕೇಳುತ್ತಲೇ ಇರುವುದು. ಹೆಚ್ಚಿನ ಸಲ ಉತ್ತರ ಇಲ್ಲ ಎಂದೇ ಬರುತ್ತದೆ, ಆದರೂ ಪ್ರತಿ ಸಲ ತಲೆಬರಹಗಳ (ಸಂದೇಶದ ಮುಂದೆ ಸೇರಿಸುವ ವಿವರಗಳ, ಅಂದರೆ ಹೆಡರ್‌ಗಳ) ಭಾರ ಹೊತ್ತ ಒಂದು ಪೂರ್ತಿ ಕೋರಿಕೆ ಹೋಗಿ ಬರಬೇಕು. ಹೇಳಲು ಏನಾದರೂ ಸಿಗುವವರೆಗೆ ಸರ್ವರ್ ಉತ್ತರವನ್ನೇ ತಡೆಹಿಡಿಯುವ ಸುಧಾರಿತ ರೂಪವೂ ಬಂತು. ಕೆಲಸ ನಡೆಯಿತು, ಆದರೆ ಎರಡೂ ಒತ್ತಾಯದ ಪರಿಹಾರಗಳೇ.

ವೆಬ್‌ಸಾಕೆಟ್ ಮಾಡುವುದೇನು?

2011ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 6455 ಎಂಬ ಅಂತರ್ಜಾಲ ಮಾನದಂಡದ ದಾಖಲೆಯಾಗಿ ವೆಬ್‌ಸಾಕೆಟ್ ನಿಯಮಾವಳಿ ಪ್ರಕಟವಾಯಿತು. ಒಮ್ಮೆ ತೆರೆದ ಸಂಪರ್ಕ ತೆರೆದೇ ಇರುತ್ತದೆ, ಎರಡೂ ಬದಿಯವರು ಯಾವಾಗ ಬೇಕಾದರೂ ಸಂದೇಶ ಕಳುಹಿಸಬಹುದು. ಒಬ್ಬರು ಕಳುಹಿಸುತ್ತಿರುವಾಗಲೇ ಇನ್ನೊಬ್ಬರೂ ಕಳುಹಿಸಬಹುದು.

ಇದರ ಆರಂಭ ಮಾತ್ರ ಹಳೆಯ ಎಚ್‌ಟಿಟಿಪಿಯಿಂದಲೇ ಆಗುತ್ತದೆ. ಬ್ರೌಸರ್ ಒಂದು ಸಾಮಾನ್ಯ ಕೋರಿಕೆ ಕಳುಹಿಸಿ, ಇಲ್ಲಿಂದ ಮುಂದೆ ವೆಬ್‌ಸಾಕೆಟ್‌ಗೆ ಬದಲಾಗೋಣ ಎಂದು ತಲೆಬರಹದಲ್ಲಿ ಕೇಳುತ್ತದೆ. ಜೊತೆಗೆ 16 ಬೈಟ್‌ಗಳ ಒಂದು ಯಾದೃಚ್ಛಿಕ ಕೀಲಿಯನ್ನು ಕೊಡುತ್ತದೆ. ಸರ್ವರ್ ಆ ಕೀಲಿಯ ಪಠ್ಯಕ್ಕೆ ದಾಖಲೆಯಲ್ಲೇ ಗೊತ್ತುಪಡಿಸಿದ ಒಂದು ಸ್ಥಿರ ಸಾಲನ್ನು ಸೇರಿಸಿ, ಎಸ್‌ಎಚ್‌ಎ-1 ಎಂಬ ಸೂತ್ರದಿಂದ ಅದರ ಬೆರಳಚ್ಚಿನಂಥ ಮೌಲ್ಯವನ್ನು ಲೆಕ್ಕ ಮಾಡಿ ಹಿಂದಿರುಗಿಸುತ್ತದೆ. ಇದು ಗುಟ್ಟು ಕಾಪಾಡುವ ವಿಧಾನ ಅಲ್ಲ. ಎದುರಿಗಿರುವ ಸರ್ವರ್‌ಗೆ ನಿಜವಾಗಿಯೂ ವೆಬ್‌ಸಾಕೆಟ್ ಗೊತ್ತಿದೆ ಎಂಬುದಕ್ಕೆ ಸಾಕ್ಷಿ, ಅಷ್ಟೇ. ಉತ್ತರದ ಸಂಖ್ಯೆ 101 ಬಂದರೆ ಬದಲಾವಣೆ ಒಪ್ಪಿಗೆಯಾಯಿತು. ಅಲ್ಲಿಂದ ಮುಂದೆ ಅದೇ ಟಿಸಿಪಿ (ಎಚ್‌ಟಿಟಿಪಿಯ ಕೆಳಗಿರುವ ಜಾಲದ ನಿಯಮಾವಳಿ) ಸಂಪರ್ಕದ ಮೇಲೆ ಫ್ರೇಮ್‌ಗಳೆಂಬ ಸಣ್ಣ ಪೊಟ್ಟಣಗಳು ಓಡಾಡುತ್ತವೆ.

ಫ್ರೇಮ್‌ನ ತಲೆಬರಹ ತೀರಾ ಚಿಕ್ಕದು. ಸರ್ವರ್‌ನಿಂದ ಹೊರಡುವ, 125 ಬೈಟ್‌ವರೆಗಿನ ಸಂದೇಶಕ್ಕೆ ಬರೀ 2 ಬೈಟ್ ಸಾಕು. ಒಂದೊಂದು ಪದವನ್ನೂ ಪ್ರತ್ಯೇಕವಾಗಿ ಕಳುಹಿಸುವ ಚಾಟ್‌ಬಾಟ್‌ಗೆ ಈ ಮಿತವ್ಯಯ ಹೇಳಿ ಮಾಡಿಸಿದಂತಿದೆ. ಬ್ರೌಸರ್‌ನಿಂದ ಸರ್ವರ್‌ಗೆ ಹೋಗುವ ಫ್ರೇಮ್‌ಗಳಲ್ಲಿ ಒಳಗಿನ ಬೈಟ್‌ಗಳನ್ನು ಮರೆಮಾಚುವ 4 ಬೈಟ್‌ಗಳ ಮುಖವಾಡ ಕೀಲಿಯೂ ಇರುತ್ತದೆ. ದುಷ್ಟ ಪುಟವೊಂದು ತಾನು ಆರಿಸಿದ ಬೈಟ್‌ಗಳನ್ನು ಹಾಗೆಯೇ ಸಾಗಿಸಿ, ದಾರಿಯ ನಡುವೆ ನಿಂತು ಸಂದೇಶ ದಾಟಿಸುವ ಹಳೆಯ ಪ್ರಾಕ್ಸಿಗಳು ಅದನ್ನು ಎಚ್‌ಟಿಟಿಪಿ ಕೋರಿಕೆ ಎಂದು ತಪ್ಪು ತಿಳಿಯುವಂತೆ ಮಾಡಬಾರದು ಎಂಬುದೇ ಇದರ ಉದ್ದೇಶ. ಪಠ್ಯ, ಬೈನರಿ, ಮುಚ್ಚುವಿಕೆ, ಪಿಂಗ್, ಪಾಂಗ್ ಎಂದು ಫ್ರೇಮ್‌ಗಳಲ್ಲಿ ಬಗೆಗಳಿವೆ. ಪಿಂಗ್ ಮತ್ತು ಪಾಂಗ್ ಏಕೆ ಮುಖ್ಯ ಎಂಬುದು ಸಂಪರ್ಕ ಕಡಿಯುವ ಮಾತು ಬಂದಾಗ ತಿಳಿಯುತ್ತದೆ.

ಅದಕ್ಕಿಂತ ಸರಳವಾದ ದಾರಿ ಇಲ್ಲವೇ?

ಇದೆ. ಎಸ್‌ಎಸ್‌ಇ (ಸರ್ವರ್-ಸೆಂಟ್ ಇವೆಂಟ್ಸ್) ಎಂಬ ವಿಧಾನದಲ್ಲಿ ಬ್ರೌಸರ್ ಒಂದು ಎಚ್‌ಟಿಟಿಪಿ ಕೋರಿಕೆ ಕಳುಹಿಸುತ್ತದೆ. ಸರ್ವರ್ ಉತ್ತರವನ್ನು ಮುಗಿಸದೆ, ಸಾಲು ಸಾಲಾಗಿ ಪಠ್ಯ ಸುರಿಯುತ್ತಾ ಹೋಗುತ್ತದೆ. ಭಾಷಾ ಮಾದರಿಗಳನ್ನು ಒದಗಿಸುವ ಸೇವೆಗಳಲ್ಲಿ ಹಲವು ತಮ್ಮ ಟೋಕನ್‌ಗಳನ್ನು ಹೀಗೆಯೇ ಹರಿಸುತ್ತವೆ. ಪ್ರಶ್ನೆ ಕೇಳಿ ಉತ್ತರ ಓದುವುದಷ್ಟೇ ನಿಮ್ಮ ಚಾಟ್‌ಬಾಟ್‌ನ ಕೆಲಸವಾಗಿದ್ದರೆ ಎಸ್‌ಎಸ್‌ಇ ಧಾರಾಳವಾಗಿ ಸಾಕು, ಅದನ್ನೇ ಆರಿಸಿಕೊಳ್ಳುವುದು ಜಾಣತನ.

ಉತ್ತರ ಬರುತ್ತಿರುವಾಗಲೇ ಬಳಕೆದಾರ ನಿಲ್ಲಿಸು ಎನ್ನಬೇಕು, ನಡುವೆಯೇ ಪ್ರಶ್ನೆ ತಿದ್ದಬೇಕು, ಧ್ವನಿ ಎರಡೂ ಕಡೆ ಹರಿಯಬೇಕು, ಒಂದೇ ಕೋಣೆಯಲ್ಲಿ ಹಲವರು ಕುಳಿತು ಮಾತನಾಡಬೇಕು, ಸರ್ವರ್ ತಾನಾಗಿಯೇ ಸುದ್ದಿ ಕೊಡಬೇಕು ಎಂದಾಗ ವೆಬ್‌ಸಾಕೆಟ್ ತನ್ನ ಬೆಲೆ ತೋರಿಸುತ್ತದೆ.

ಸರ್ವರ್ ನಡುವೆ ಏಕೆ ನಿಲ್ಲಬೇಕು?

ಬ್ರೌಸರ್ ನೇರವಾಗಿ ಮಾದರಿಯ ಸೇವೆಯನ್ನೇ ಕರೆಯಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಆ ಸೇವೆಗೆ ಒಂದು ಗುಪ್ತ ಕೀಲಿ ಬೇಕು, ಬಳಸಿದ ಟೋಕನ್‌ಗಳ ಲೆಕ್ಕದಲ್ಲಿ ಹಣ ತೆರಬೇಕು. ಬ್ರೌಸರ್‌ಗೆ ಕೊಟ್ಟ ಕೀಲಿ ಗುಪ್ತವಾಗಿ ಉಳಿಯುವುದೇ ಇಲ್ಲ. ಪುಟದ ಒಳಗನ್ನು ನೋಡಬಲ್ಲ ಯಾರಿಗಾದರೂ ಅದು ಸಿಗುತ್ತದೆ. ಆದ್ದರಿಂದ ಕೀಲಿ ಜಾವಾ ಸರ್ವರ್‌ನಲ್ಲಿ, ಅಲ್ಲಿಯೂ ಪ್ರೋಗ್ರಾಂನ ಒಳಗಲ್ಲ, ಪರಿಸರ ಚರಾಂಶದಲ್ಲೋ (ಪ್ರೋಗ್ರಾಂನ ಹೊರಗೆ ಸಿಸ್ಟಂನಲ್ಲಿ ಇಡುವ ಮೌಲ್ಯ) ರಹಸ್ಯಗಳ ಭಂಡಾರದಲ್ಲೋ ಇರಬೇಕು.

ಹೀಗೆ ದಾರಿಯಲ್ಲಿ ಎರಡು ಕೊಂಡಿಗಳಾಗುತ್ತವೆ. ಬ್ರೌಸರ್‌ನಿಂದ ಸರ್ವರ್‌ಗೆ ವೆಬ್‌ಸಾಕೆಟ್, ಸರ್ವರ್‌ನಿಂದ ಮಾದರಿಗೆ ಸಾಮಾನ್ಯವಾಗಿ ಎಚ್‌ಟಿಟಿಪಿ ಹರಿವು. ಎರಡನೆಯದಕ್ಕೆ 2018ರ ಜಾವಾ 11ರಿಂದ ಭಾಷೆಯ ಜೊತೆಗೇ ಬರುವ ಎಚ್‌ಟಿಟಿಪಿ ಕ್ಲೈಂಟ್ ಸಾಕು. ಸ್ಪ್ರಿಂಗ್ ಎಐ ಅಥವಾ ಲ್ಯಾಂಗ್‌ಚೈನ್‌4ಜೆ ಎಂಬ ಜಾವಾ ಲೈಬ್ರರಿಗಳನ್ನು ಬಳಸಿದರೆ ಬೇರೆ ಬೇರೆ ಸೇವೆಗಳ ಸಂದೇಶ ರೂಪಗಳ ನಡುವಿನ ವ್ಯತ್ಯಾಸವನ್ನು ಅವೇ ನೋಡಿಕೊಳ್ಳುತ್ತವೆ. ಕಲಿಯುವವರು ಒಲ್ಲಾಮಾ ಎಂಬ ತಂತ್ರಾಂಶದ ಮೂಲಕ ಚಿಕ್ಕ ಮಾದರಿಯೊಂದನ್ನು ತಮ್ಮ ಕಂಪ್ಯೂಟರಿನಲ್ಲೇ ಓಡಿಸಬಹುದು. ಕೀಲಿಯೂ ಬೇಡ, ಖರ್ಚೂ ಇಲ್ಲ.

ಜಾವಾ ಕಡೆಯ ಕೆಲಸ

ಜಾವಾದಲ್ಲಿ ವೆಬ್‌ಸಾಕೆಟ್‌ಗೆ ಅಧಿಕೃತ ಮಾನದಂಡ 2013ರಲ್ಲಿ ಬಂತು. ಜೆಎಸ್‌ಆರ್ 356 ಎಂದು ಅದರ ಹೆಸರು, ಈಗ ಜಕಾರ್ತಾ ವೆಬ್‌ಸಾಕೆಟ್ ಎನ್ನುತ್ತಾರೆ. ಅದೇ ವರ್ಷದ ಕೊನೆಗೆ ಜಾವಾದ ಸಿದ್ಧ ಚೌಕಟ್ಟಾದ ಸ್ಪ್ರಿಂಗ್‌ನ 4ನೇ ಆವೃತ್ತಿ ಕೂಡ ತನ್ನದೇ ಬೆಂಬಲ ಸೇರಿಸಿತು. ಎರಡರಲ್ಲೂ ರಚನೆ ಒಂದೇ ತೆರನಾದದ್ದು. ಸಂಪರ್ಕ ತೆರೆದಾಗ, ಸಂದೇಶ ಬಂದಾಗ, ದೋಷ ಉಂಟಾದಾಗ, ಸಂಪರ್ಕ ಮುಚ್ಚಿದಾಗ ಏನು ಮಾಡಬೇಕು ಎಂಬ ನಾಲ್ಕು ಮೆಥಡ್‌ಗಳನ್ನು (ಹೆಸರಿಟ್ಟ ಕೋಡ್ ತುಣುಕುಗಳನ್ನು) ನೀವು ಬರೆದಿಡುತ್ತೀರಿ. ಸಮಯ ಬಂದಾಗ ಅವನ್ನು ಕರೆಯುವುದು ಸರ್ವರ್‌ನ ಕೆಲಸ. ಪ್ರತಿ ಸಂಪರ್ಕಕ್ಕೂ ಸೆಷನ್ ಎಂಬ ಒಂದು ವಸ್ತು ಸಿಗುತ್ತದೆ, ಬ್ರೌಸರ್‌ಗೆ ಏನನ್ನೇ ಕಳುಹಿಸಬೇಕಿದ್ದರೂ ಅದರ ಮೂಲಕ.

ಹಳೆಯ ಪಾಠಗಳನ್ನು ನೋಡಿ ಬರೆಯುವವರು ಒಂದು ವಿಷಯ ಗಮನಿಸಬೇಕು. ಇಂಥ ಜಾವಾ ಮಾನದಂಡಗಳ ಕಟ್ಟಾದ ಜಕಾರ್ತಾ ಇಇಯ 2020ರ 9ನೇ ಆವೃತ್ತಿಯಲ್ಲಿ ಈ ಪ್ಯಾಕೇಜ್‌ಗಳ (ಕೋಡ್ ಗುಂಪುಗಳ) ಹೆಸರು ಜಾವಾಕ್ಸ್ ಬದಲು ಜಕಾರ್ತಾ ಎಂದು ಆರಂಭವಾಗತೊಡಗಿತು. ಹೊಸ ಸರ್ವರ್‌ನಲ್ಲಿ ಹಳೆಯ ಹೆಸರಿನ ಅನೋಟೇಶನ್ (ಕೋಡ್‌ಗೆ ಅಂಟಿಸುವ ಗುರುತುಚೀಟಿ) ಹಾಕಿದರೆ ಸರ್ವರ್ ಅದನ್ನು ಗುರುತಿಸುವುದೇ ಇಲ್ಲ. ದೋಷದ ಸಂದೇಶವೂ ಬಾರದೆ, ಸಂಪರ್ಕವೂ ಆಗದೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಇದಕ್ಕಿಂತ ಅಪಾಯಕಾರಿಯಾದ ವ್ಯತ್ಯಾಸ ಇನ್ನೊಂದಿದೆ. ಜಕಾರ್ತಾ ಮಾನದಂಡದಲ್ಲಿ, ಬೇರೆ ಏನೂ ಹೇಳದಿದ್ದರೆ, ಪ್ರತಿ ಸಂಪರ್ಕಕ್ಕೂ ನಿಮ್ಮ ಕ್ಲಾಸ್‌ನ (ಮೆಥಡ್‌ಗಳನ್ನು ಬರೆದಿಟ್ಟ ಅಚ್ಚಿನ) ಒಂದು ಹೊಸ ನಕಲು ಹುಟ್ಟುತ್ತದೆ. ಸ್ಪ್ರಿಂಗ್‌ನಲ್ಲಿ ಸಾಮಾನ್ಯವಾಗಿ ಸಂದೇಶಗಳನ್ನು ನಿಭಾಯಿಸುವ ಒಂದೇ ಹ್ಯಾಂಡ್ಲರ್ ಎಲ್ಲ ಸಂಪರ್ಕಗಳಿಗೂ ದುಡಿಯುತ್ತದೆ. ಮಾತುಕತೆಯ ಇತಿಹಾಸವನ್ನು ಕ್ಲಾಸ್‌ನ ಒಂದು ಫೀಲ್ಡ್‌ನಲ್ಲಿ (ಅದರೊಳಗಿನ ಮಾಹಿತಿಯ ಜಾಗದಲ್ಲಿ) ಇಟ್ಟುಕೊಂಡ ಪ್ರೋಗ್ರಾಂ ಮೊದಲನೆಯದರಲ್ಲಿ ಸರಿಯಾಗಿ ಓಡುತ್ತದೆ. ಅದೇ ಪ್ರೋಗ್ರಾಂ ಎರಡನೆಯದರಲ್ಲಿ ಒಬ್ಬನ ಆರೋಗ್ಯದ ಪ್ರಶ್ನೆಯನ್ನು ಇನ್ನೊಬ್ಬನ ಮಾತುಕತೆಯೊಳಗೆ ಬೆರೆಸಿಬಿಡುತ್ತದೆ. ಪರೀಕ್ಷಿಸುವವನು ಒಬ್ಬನೇ ಆಗಿರುವವರೆಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಸಂಭಾಷಣೆಯನ್ನು ಅದರದೇ ಗುರುತಿನ ಸಂಖ್ಯೆಯ ಜೊತೆ ಬೇರೆ ಕಡೆ ಇಡಬೇಕು ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೇ.

ಮುಂದಿನ ಪ್ರಶ್ನೆ ಥ್ರೆಡ್‌ಗಳದ್ದು. ಥ್ರೆಡ್ ಎಂದರೆ ಪ್ರೋಗ್ರಾಂನ ಒಳಗೆ ಸ್ವತಂತ್ರವಾಗಿ ಓಡುವ ಕೆಲಸದ ಎಳೆ. ಸಂದೇಶ ಬಂದಾಗ ಓಡುವ ಮೆಥಡ್‌ನಲ್ಲೇ ಮಾದರಿಯನ್ನು ಕರೆದು, ಉತ್ತರ ಮುಗಿಯುವವರೆಗೆ ಅಲ್ಲೇ ಕಾದು ಕುಳಿತರೆ, ಅದೇ ಸಂಪರ್ಕದಲ್ಲಿ ಬರುವ ಮುಂದಿನ ಸಂದೇಶ ಸರದಿಯಲ್ಲಿ ಉಳಿಯುತ್ತದೆ. ಬಳಕೆದಾರ ನಿಲ್ಲಿಸು ಗುಂಡಿ ಒತ್ತಿದ ಸುದ್ದಿ ಉತ್ತರವೆಲ್ಲ ಮುಗಿದ ಮೇಲೆ ತಲುಪುತ್ತದೆ! ಆದ್ದರಿಂದ ಆ ಮೆಥಡ್ ಕೆಲಸವನ್ನು ಬೇರೆ ಥ್ರೆಡ್‌ಗೆ ಒಪ್ಪಿಸಿ ಕೂಡಲೇ ಹಿಂತಿರುಗಬೇಕು.

ಹಾಗಾದರೆ ಎಷ್ಟು ಥ್ರೆಡ್‌ಗಳು? ಆಪರೇಟಿಂಗ್ ಸಿಸ್ಟಂನ ಮಾಮೂಲಿ ಥ್ರೆಡ್‌ಗಳು ದುಬಾರಿ, ಒಂದೊಂದೂ ತನ್ನ ಸ್ಟ್ಯಾಕ್‌ಗಾಗಿ (ಕೆಲಸದ ನಡುವಿನ ಲೆಕ್ಕ ಇಡುವ ಜಾಗಕ್ಕಾಗಿ) ಸುಮಾರು 1 ಎಂಬಿ ಜಾಗವನ್ನು ಕಾಯ್ದಿರಿಸಿಕೊಳ್ಳುವುದು ಸಾಮಾನ್ಯ. 2023ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 21 ಈ ಕಟ್ಟನ್ನು ಸಡಿಲಿಸಿತು. ಅದರ ವರ್ಚುವಲ್ ಥ್ರೆಡ್‌ಗಳನ್ನು ಜಾವಾ ತಾನೇ ನಿರ್ವಹಿಸುತ್ತದೆ. ಜಾಲದ ಉತ್ತರಕ್ಕಾಗಿ ಕಾಯುವ ಹೊತ್ತಿನಲ್ಲಿ ಅಂಥ ಥ್ರೆಡ್ ತನ್ನ ಕೆಳಗಿನ ನಿಜವಾದ ಥ್ರೆಡ್ ಅನ್ನು ಬಿಟ್ಟುಕೊಡುತ್ತದೆ. ಚಾಟ್‌ಬಾಟ್ ಸರ್ವರ್‌ನ ಸಮಯವೆಲ್ಲ ಹೋಗುವುದು ಮಾದರಿಗಾಗಿ ಕಾಯುವುದರಲ್ಲೇ. ಒಂದು ಪ್ರಶ್ನೆಗೆ ಒಂದು ವರ್ಚುವಲ್ ಥ್ರೆಡ್ ಎಂಬ ನೇರವಾದ ಶೈಲಿಯಲ್ಲಿ ಬರೆದು ಸಾವಿರಾರು ಜನರನ್ನು ಏಕಕಾಲಕ್ಕೆ ನಿಭಾಯಿಸಲು ಈಗ ಸಾಧ್ಯ. ಕೆಲಸ ಮುಗಿದಾಗ ಇದನ್ನು ಕರೆ ಎಂದು ಬರೆದಿಡುವ ಕಾಲ್‌ಬ್ಯಾಕ್‌ಗಳ ಸರಪಳಿಯಲ್ಲಿ ಸಿಕ್ಕಿಕೊಂಡು ನರಳಿದವರಿಗೆ ಇದು ದೊಡ್ಡ ಬಿಡುಗಡೆ.

ಥ್ರೆಡ್ ಹೆಚ್ಚಾದರೆ ಹೊಸ ಎಚ್ಚರಿಕೆಯೂ ಬೇಕು. ಒಂದೇ ಸೆಷನ್‌ಗೆ ಎರಡು ಥ್ರೆಡ್‌ಗಳು ಏಕಕಾಲಕ್ಕೆ ಬರೆಯಲು ಹೋದರೆ ಟಾಮ್‌ಕ್ಯಾಟ್‌ನಂಥ ಸರ್ವರ್ ಒಪ್ಪುವುದಿಲ್ಲ, ಎಕ್ಸೆಪ್ಶನ್ ಎಂಬ ದೋಷ ಸೂಚನೆ ಎಸೆಯುತ್ತದೆ. ಒಂದು ಥ್ರೆಡ್ ಉತ್ತರದ ತುಣುಕು ಕಳುಹಿಸುತ್ತಿರುವಾಗ ಇನ್ನೊಂದು ಪಿಂಗ್ ಕಳುಹಿಸಲು ಬಂದರೂ ಘರ್ಷಣೆ ಆಗಬಹುದು. ಸ್ಪ್ರಿಂಗ್‌ನಲ್ಲಿ ಇದಕ್ಕಾಗಿಯೇ ಸೆಷನ್‌ಗೆ ತೊಡಿಸುವ ಒಂದು ಹೊದಿಕೆ ಇದೆ. ಅದರ ಹೆಸರು ಕನ್‌ಕರೆಂಟ್‌ವೆಬ್‌ಸಾಕೆಟ್‌ಸೆಷನ್‌ಡೆಕೊರೇಟರ್. ಸಂದೇಶಗಳನ್ನು ಸರದಿಯಲ್ಲಿ ನಿಲ್ಲಿಸಿ ಒಂದೊಂದಾಗಿ ಬಿಡುತ್ತದೆ. ಬ್ರೌಸರ್ ಬದಿಯ ಜಾಲ ತೀರಾ ನಿಧಾನವಾಗಿ ಸರದಿ ಬೆಳೆಯುತ್ತಲೇ ಹೋದರೆ, ನೀವು ಕೊಟ್ಟ ಮಿತಿ ಮೀರಿದ ಕೂಡಲೇ ಆ ಸೆಷನ್ ಅನ್ನು ಕೊನೆಗೊಳಿಸುತ್ತದೆ. ಒಬ್ಬನ ನಿಧಾನ ಜಾಲಕ್ಕಾಗಿ ಇಡೀ ಸರ್ವರ್‌ನ ಸ್ಮೃತಿ ತುಂಬಿಹೋಗಬಾರದಲ್ಲ.

ತಂತಿಯ ಮೇಲೆ ಏನು ಹೋಗಬೇಕು?

ಬರೀ ಪಠ್ಯದ ತುಣುಕುಗಳನ್ನು ಕಳುಹಿಸಿದರೆ ಉತ್ತರ ಎಲ್ಲಿ ಮುಗಿಯಿತು, ಬಂದದ್ದು ಉತ್ತರವೋ ದೋಷದ ಸೂಚನೆಯೋ ಎಂಬುದು ಬ್ರೌಸರ್‌ಗೆ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಸಂದೇಶವೂ ಹೆಸರು ಮತ್ತು ಮೌಲ್ಯಗಳ ಜೋಡಿಗಳಾಗಿ ಬರೆಯುವ ಜೇಸನ್ ರೂಪದಲ್ಲಿರಲಿ, ಅದರೊಳಗೆ ಬಗೆ, ಸಂಭಾಷಣೆಯ ಸಂಖ್ಯೆ, ಉತ್ತರದ ಸಂಖ್ಯೆ, ಅನುಕ್ರಮ ಸಂಖ್ಯೆ ಮತ್ತು ಪಠ್ಯ ಇರಲಿ. ಸರ್ವರ್‌ನಿಂದ ಬರುವ ಬಗೆಗಳು ಆರಂಭ, ತುಣುಕು, ಮುಕ್ತಾಯ, ದೋಷ. ಬ್ರೌಸರ್‌ನಿಂದ ಹೋಗುವವು ಪ್ರಶ್ನೆ, ನಿಲ್ಲಿಸು, ಮುಂದುವರಿಸು.

ನಿಲ್ಲಿಸು ಎಂಬುದನ್ನು ಕೊನೆಯವರೆಗೂ ಒಯ್ಯಬೇಕು. ಪರದೆಯ ಮೇಲೆ ಪಠ್ಯ ನಿಂತರೆ ಸಾಲದು. ಸರ್ವರ್ ಮಾದರಿಯೊಡನೆ ತೆರೆದಿಟ್ಟ ಹರಿವನ್ನೂ ಮುಚ್ಚಬೇಕು. ಇಲ್ಲದಿದ್ದರೆ ಯಾರೂ ಓದದ ಉತ್ತರ ಒಳಗೊಳಗೇ ತಯಾರಾಗುತ್ತಾ, ಪ್ರತಿ ಟೋಕನ್‌ಗೂ ಹಣ ಹೋಗುತ್ತಾ ಇರುತ್ತದೆ.

ಬ್ರೌಸರ್‌ನಿಂದ ಬರುವ ಸಂದೇಶದ ಗಾತ್ರಕ್ಕೂ ಮಿತಿ ಇರುತ್ತದೆ. ಟಾಮ್‌ಕ್ಯಾಟ್‌ನಲ್ಲಿ ಪಠ್ಯ ಸಂದೇಶಕ್ಕೆ ಮೊದಲೇ ಗೊತ್ತುಮಾಡಿದ ಬಫರ್ (ತಾತ್ಕಾಲಿಕ ಶೇಖರಣೆಯ ಜಾಗ) 8192 ಬೈಟ್. ಉದ್ದದ ದಾಖಲೆಯನ್ನು ಅಂಟಿಸಿ ಪ್ರಶ್ನೆ ಕೇಳುವವರಿಗೆ ಇದು ಸಾಲದೆ, 1009 ಎಂಬ ಸಂಖ್ಯೆಯೊಡನೆ ಸಂಪರ್ಕ ಮುಚ್ಚಿಹೋಗುತ್ತದೆ. ಮಿತಿಯನ್ನು ಯೋಚಿಸಿ ಹೆಚ್ಚಿಸಿ, ಪೂರ್ತಿ ತೆಗೆದುಹಾಕಬೇಡಿ.

ನೆನಪು ಎಲ್ಲಿರುತ್ತದೆ?

ಬಳಕೆದಾರ ಮೊದಲು ಗುರುತ್ವಾಕರ್ಷಣೆ ಎಂದರೇನು ಎಂದು ಕೇಳುತ್ತಾನೆ. ಉತ್ತರ ಓದಿ, ಅದು ಚಂದ್ರನ ಮೇಲೆ ಎಷ್ಟು ಎಂದು ಕೇಳುತ್ತಾನೆ. ಎರಡನೆಯ ಪ್ರಶ್ನೆಯನ್ನಷ್ಟೇ ಕಳುಹಿಸಿದರೆ ‘ಅದು’ ಎಂದರೆ ಯಾವುದು ಎಂಬುದು ಮಾದರಿಗೆ ಗೊತ್ತಾಗದು. ಆದ್ದರಿಂದ ಸರ್ವರ್ ಪ್ರತಿ ಸಲವೂ ಮೊದಲ ಪ್ರಶ್ನೆ, ಮೊದಲ ಉತ್ತರ, ಎರಡನೆಯ ಪ್ರಶ್ನೆ ಎಂದು ಇಡೀ ಮಾತುಕತೆಯನ್ನು ಜೋಡಿಸಿ ಕಳುಹಿಸುತ್ತದೆ. ಎಲ್ಲಕ್ಕಿಂತ ಮೇಲೆ ನೀನು ಯಾರು, ಹೇಗೆ ಉತ್ತರಿಸಬೇಕು ಎಂಬ ನಿರ್ದೇಶನ ಇರುತ್ತದೆ.

ಮಾತು ಬೆಳೆದಂತೆ ಈ ಹೊರೆಯೂ ಬೆಳೆಯುತ್ತದೆ. ಒಂದು ಸಲಕ್ಕೆ ಮಾದರಿ ಗಮನಿಸಬಲ್ಲ ಟೋಕನ್‌ಗಳಿಗೆ ಮಿತಿ ಇದೆ. ಮಿತಿಯೊಳಗೇ ಇದ್ದರೂ ಹೆಚ್ಚು ಟೋಕನ್ ಎಂದರೆ ಹೆಚ್ಚು ಹಣ, ಹೆಚ್ಚು ಸಮಯ. ನಿರ್ದೇಶನವನ್ನೂ ಇತ್ತೀಚಿನ ಕೆಲವು ಸಂದೇಶಗಳನ್ನೂ ಹಾಗೆಯೇ ಉಳಿಸಿಕೊಂಡು, ಹಳೆಯದನ್ನು ಕೈಬಿಡುವುದು ಒಂದು ಕ್ರಮ. ಹಳೆಯದನ್ನು ಮಾದರಿಯಿಂದಲೇ ಚುಟುಕಾಗಿ ಬರೆಸಿ ಇಟ್ಟುಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಬಳಕೆದಾರ ಆರಂಭದಲ್ಲೇ ಹೇಳಿದ ಮುಖ್ಯ ಸಂಗತಿ ಕಳೆದುಹೋಗುವ ಭಯವಿದೆ, ಎರಡನೆಯದರಲ್ಲಿ ಅದು ತಿರುಚಿಹೋಗುವ ಭಯ.

ಈ ಇತಿಹಾಸ ಡೇಟಾಬೇಸ್‌ನಲ್ಲಿ ಇದ್ದರೆ ಸರ್ವರ್ ಮರುಚಾಲನೆಯಾದರೂ ಮಾತುಕತೆ ಉಳಿಯುತ್ತದೆ. ಹಲವು ಸರ್ವರ್‌ಗಳಿರುವ ಕಡೆ ಬಳಕೆದಾರ ಮರುಸಂಪರ್ಕದಲ್ಲಿ ಯಾವ ಸರ್ವರ್‌ಗೆ ಬಂದು ಬಿದ್ದರೂ ತೊಂದರೆಯಿಲ್ಲ.

ಅಕ್ಷರ ನಡುವೆ ಒಡೆದಾಗ

ಇಂಗ್ಲಿಷ್‌ನಲ್ಲಷ್ಟೇ ಪರೀಕ್ಷಿಸಿದ ಚಾಟ್‌ಬಾಟ್ ಕನ್ನಡದಲ್ಲಿ ಉತ್ತರಿಸುವಾಗ ಅಲ್ಲಲ್ಲಿ ಪ್ರಶ್ನಾರ್ಥಕ ಚಿಹ್ನೆಯುಳ್ಳ ಕಪ್ಪು ವಜ್ರಾಕೃತಿಗಳನ್ನು ತೋರಿಸುವುದುಂಟು. ಇದರ ಕಾರಣ ತಿಳಿದರೆ ಪರಿಹಾರ ಸುಲಭ.

ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಎಂಬುದರಲ್ಲಿ ಸ, ಅದರ ಹಲಂತ, ತ, ಮತ್ತೊಂದು ಹಲಂತ, ರ, ದೀರ್ಘದ ಗುಣಿತ ಎಂದು 6 ಸಂಕೇತಗಳಿವೆ, ಅಂದರೆ 18 ಬೈಟ್. ಜಾಲದಿಂದ ಬರುವ ಬೈಟ್‌ಗಳ ಕಂತು ಈ 18ರ ನಡುವೆ ಎಲ್ಲಿ ಬೇಕಾದರೂ ತುಂಡಾಗಬಹುದು. ಬಂದ ಪ್ರತಿ ಕಂತನ್ನೂ ಆಗಲೇ ಸ್ಟ್ರಿಂಗ್ (ಓದಬಲ್ಲ ಪಠ್ಯ) ಆಗಿ ಬದಲಿಸುವ ಪ್ರೋಗ್ರಾಂ ಅರ್ಧ ಸಂಕೇತವನ್ನು ಕಂಡು ಅದರ ಜಾಗದಲ್ಲಿ ಬದಲಿ ಚಿಹ್ನೆ ಹಾಕಿಬಿಡುತ್ತದೆ. ಉಳಿದರ್ಧ ಮುಂದಿನ ಕಂತಿನಲ್ಲಿ ಬಂದಾಗ ಅಲ್ಲೂ ಇನ್ನೊಂದು ಚಿಹ್ನೆ.

ಅರ್ಧ ಉಳಿದದ್ದನ್ನು ಹಿಡಿದಿಟ್ಟುಕೊಂಡು ಮುಂದಿನದರ ಜೊತೆ ಸೇರಿಸಬಲ್ಲ ರೀಡರ್‌ಗಳ ಮೂಲಕವೇ ಓದಬೇಕು. ಜಾವಾದ ಎಚ್‌ಟಿಟಿಪಿ ಕ್ಲೈಂಟ್ ಉತ್ತರವನ್ನು ಸಾಲು ಸಾಲಾಗಿ ಕೊಡುವ ಸೌಲಭ್ಯ ಹೊಂದಿದೆ, ಅದನ್ನು ಬಳಸಿದರೆ ಈ ಚಿಂತೆ ತಪ್ಪುತ್ತದೆ. ಜಾವಾ 18ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಬೇರೆ ಹೇಳದಿದ್ದರೆ ಅಕ್ಷರಕ್ರಮ ಆಪರೇಟಿಂಗ್ ಸಿಸ್ಟಂಗೆ ತಕ್ಕಂತೆ ಬದಲಾಗುತ್ತಿತ್ತು ಎಂಬುದೂ ನೆನಪಿರಲಿ. 18ರಿಂದ ಅದು ಎಲ್ಲೆಡೆ ಯುಟಿಎಫ್-8.

ಬೈಟ್ ಸರಿಯಾದರೂ ನೋಟದ ಸಮಸ್ಯೆ ಉಳಿಯುತ್ತದೆ. ಮೊದಲು ‘ಸ್’ ಕಾಣಿಸಿ, ಮರುಕ್ಷಣ ‘ಸ್ತ’ ಆಗಿ, ಮತ್ತೆ ‘ಸ್ತ್ರೀ’ ಆಗುವಾಗ ಅಕ್ಷರ ಮಿಣುಕುತ್ತದೆ. ಪ್ರತಿ ತುಣುಕನ್ನೂ ಪುಟದಲ್ಲಿ ಬೇರೆ ಬೇರೆ ಅಂಶವಾಗಿ ಇಟ್ಟರೆ ಒತ್ತಕ್ಷರ ಕೂಡಿಕೊಳ್ಳದೆಯೇ ಹೋಗಬಹುದು. ಸರ್ವರ್‌ನಲ್ಲಿ ಮುಂದಿನ ಖಾಲಿ ಜಾಗ ಬರುವವರೆಗೆ ತುಣುಕುಗಳನ್ನು ಕೂಡಿಸಿಕೊಂಡು ಇಡೀ ಪದವಾಗಿ ಕಳುಹಿಸುವುದೇ ಒಳ್ಳೆಯದು. ಬಳಕೆದಾರನಿಗೆ ವಿಳಂಬ ತಿಳಿಯುವುದಿಲ್ಲ, ಓದುವುದು ಹಿತವಾಗುತ್ತದೆ, ಫ್ರೇಮ್‌ಗಳ ಸಂಖ್ಯೆಯೂ ಇಳಿಯುತ್ತದೆ.

ಸಂಪರ್ಕ ಕಡಿದಾಗ

ಮೊಬೈಲ್ ವೈಫೈಯಿಂದ ಮೊಬೈಲ್ ಜಾಲಕ್ಕೆ ಬದಲಾಗುತ್ತದೆ, ಲ್ಯಾಪ್‌ಟಾಪ್ ನಿದ್ರೆಗೆ ಹೋಗುತ್ತದೆ. ಸಂಪರ್ಕ ಹೋಯಿತು. ಕೆಲವೊಮ್ಮೆ ಎರಡೂ ಬದಿಗೆ ಅದು ಹೋದದ್ದೇ ತಿಳಿದಿರುವುದಿಲ್ಲ. ನಡುವೆ ಎನ್‌ಜಿನ್‌ಎಕ್ಸ್‌ನಂಥ ಪ್ರಾಕ್ಸಿ ಇದ್ದರೆ ಅದಕ್ಕೂ ತನ್ನದೇ ತಾಳ್ಮೆಯ ಮಿತಿ ಇದೆ: ಬೇರೆ ಹೇಳದಿದ್ದರೆ 60 ಸೆಕೆಂಡು ಸರ್ವರ್‌ನಿಂದ ಏನೂ ಬಾರದಿದ್ದರೆ ಸಂಪರ್ಕವನ್ನು ಮುಚ್ಚುತ್ತದೆ. ವೆಬ್‌ಸಾಕೆಟ್‌ಗೆ ಬದಲಾಗುವ ತಲೆಬರಹಗಳನ್ನು ಮುಂದಕ್ಕೆ ಸಾಗಿಸು ಎಂದೂ ಅದಕ್ಕೆ ಬಿಡಿಸಿ ಹೇಳಬೇಕು.

ಪಿಂಗ್ ಇಲ್ಲಿ ನೆರವಿಗೆ ಬರುತ್ತದೆ. ಸರ್ವರ್ ಸುಮಾರು 25 ಅಥವಾ 30 ಸೆಕೆಂಡಿಗೊಮ್ಮೆ ಪಿಂಗ್ ಫ್ರೇಮ್ ಕಳುಹಿಸಿದರೆ ಬ್ರೌಸರ್ ತಾನಾಗಿಯೇ ಪಾಂಗ್ ಎನ್ನುತ್ತದೆ. ದಾರಿ ಬಿಸಿಯಾಗಿರುತ್ತದೆ, ಪಾಂಗ್ ಬಾರದಿದ್ದರೆ ಆಚೆ ಯಾರೂ ಇಲ್ಲ ಎಂದು ಗೊತ್ತಾಗುತ್ತದೆ. ಪುಟದೊಳಗಿನ ಜಾವಾಸ್ಕ್ರಿಪ್ಟ್‌ಗೆ ಪಿಂಗ್ ಫ್ರೇಮ್ ಕಳುಹಿಸುವ ಅವಕಾಶವಿಲ್ಲ. ಆ ಬದಿಯಿಂದಲೂ ಪರೀಕ್ಷೆ ಬೇಕಿದ್ದರೆ ಸಾಮಾನ್ಯ ಸಂದೇಶವನ್ನೇ ಬಳಸಬೇಕು.

ಕಡಿದ ಮೇಲೆ ಬ್ರೌಸರ್ ಮತ್ತೆ ಪ್ರಯತ್ನಿಸಬೇಕು, ಆದರೆ ಆತುರದಲ್ಲಲ್ಲ. 1 ಸೆಕೆಂಡ್, ಆಮೇಲೆ 2, 4, 8 ಎಂದು ಅಂತರ ಹೆಚ್ಚಿಸುತ್ತಾ, ಅದಕ್ಕೆ ಸ್ವಲ್ಪ ಯಾದೃಚ್ಛಿಕ ಏರುಪೇರು ಸೇರಿಸುತ್ತಾ ಹೋಗುವುದು ವಾಡಿಕೆ. ಹಾಗೆ ಮಾಡದಿದ್ದರೆ ಮರುಚಾಲನೆಯಾಗಿ ಈಗಷ್ಟೇ ಎದ್ದ ಸರ್ವರ್ ಮೇಲೆ ಎಲ್ಲ ಬ್ರೌಸರ್‌ಗಳೂ ಒಂದೇ ಕ್ಷಣದಲ್ಲಿ ಮುಗಿಬೀಳುತ್ತವೆ.

ಅರ್ಧ ಬಂದಿದ್ದ ಉತ್ತರ ಏನಾಯಿತು? ಅನುಕ್ರಮ ಸಂಖ್ಯೆ ಇರಬೇಕು ಎಂದದ್ದು ಇದಕ್ಕೇ. ನನ್ನ ಬಳಿ 37ರವರೆಗೆ ಇದೆ ಎಂದು ಬ್ರೌಸರ್ ಹೇಳಿದರೆ ಸರ್ವರ್ 38ರಿಂದ ಕೊಡುತ್ತದೆ. ಇದು ಸಾಧ್ಯವಾಗಬೇಕಾದರೆ ಸಂಪರ್ಕ ಕಡಿದ ಕ್ಷಣದಲ್ಲೇ ಉತ್ತರವನ್ನು ಕೊಲ್ಲಬಾರದು. ಸ್ವಲ್ಪ ಹೊತ್ತು ಹಿನ್ನೆಲೆಯಲ್ಲಿ ಮುಂದುವರಿಸಿ ಕೂಡಿಟ್ಟುಕೊಳ್ಳಬೇಕು. ಎಷ್ಟು ಹೊತ್ತು ಎಂಬುದು ಖರ್ಚನ್ನೂ ಬಳಕೆದಾರನ ತಾಳ್ಮೆಯನ್ನೂ ತೂಗಿ ನೀವು ತೀರ್ಮಾನಿಸಬೇಕಾದದ್ದು. ಬೇಕೆಂದೇ ನಿಲ್ಲಿಸಿದ ಉತ್ತರಕ್ಕೂ ಜಾಲ ಕೈಕೊಟ್ಟ ಉತ್ತರಕ್ಕೂ ಒಂದೇ ಗತಿ ಕಾಣಿಸಬಾರದು.

ಬಾಗಿಲು ಕಾಯುವುದು

ಬ್ರೌಸರ್‌ಗಳು ಒಂದು ತಾಣದ ಪುಟಕ್ಕೆ ಇನ್ನೊಂದು ತಾಣದ ಮಾಹಿತಿಯನ್ನು ಓದಲು ಬಿಡುವುದಿಲ್ಲ. ಈ ತಡೆ ವೆಬ್‌ಸಾಕೆಟ್‌ಗೆ ಅನ್ವಯಿಸುವುದಿಲ್ಲ ಎಂಬುದು ಬಹಳ ಜನರಿಗೆ ತಿಳಿಯದು. ಬೇರೆ ತಾಣದ ಪುಟವೂ ನಿಮ್ಮ ಸರ್ವರ್‌ಗೆ ಸಂಪರ್ಕ ತೆರೆಯಬಹುದು, ಬಳಕೆದಾರನ ಗುರುತು ಹೇಳುವ ಕುಕೀ ಕೂಡ ಜೊತೆಗೆ ಬರಬಹುದು. ಆದ್ದರಿಂದ ಕೋರಿಕೆ ಯಾವ ತಾಣದಿಂದ ಹೊರಟಿತು ಎಂದು ಹೇಳುವ ಒರಿಜಿನ್ ತಲೆಬರಹವನ್ನು ಸರ್ವರ್ ತಾನೇ ಪರಿಶೀಲಿಸಬೇಕು. ಎಲ್ಲ ತಾಣಗಳಿಗೂ ಅನುಮತಿ ಕೊಡುವ ನಕ್ಷತ್ರ ಚಿಹ್ನೆಯನ್ನು ಅಭ್ಯಾಸದ ಸಮಯದಲ್ಲಿ ಹಾಕಿ, ಹಾಗೆಯೇ ಮರೆತುಬಿಡುವುದು ಸುಲಭ. ಸಂಪರ್ಕ ಯಾವಾಗಲೂ ಗೂಢಲಿಪೀಕೃತ ಡಬ್ಲ್ಯುಎಸ್‌ಎಸ್ ಆಗಿರಲಿ.

ಪ್ರಶ್ನೆಗಳ ಪ್ರಮಾಣಕ್ಕೆ ಪ್ರತಿ ಬಳಕೆದಾರನಿಗೂ ಮಿತಿ ಹಾಕಿ, ಏಕೆಂದರೆ ಪ್ರತಿ ಪ್ರಶ್ನೆಗೂ ಹಣ ತೆರುವವರು ನೀವು. ಮಾದರಿಯ ಉತ್ತರವನ್ನು ಪುಟದಲ್ಲಿ ನೇರವಾಗಿ ಎಚ್‌ಟಿಎಂಎಲ್ ಆಗಿ ಸುರಿಯಬೇಡಿ. ಅದರೊಳಗೆ ಸ್ಕ್ರಿಪ್ಟ್ ಅಡಗಿರಬಹುದು. ಹಿಂದಿನ ನಿರ್ದೇಶನಗಳನ್ನು ಮರೆತುಬಿಡು ಎಂದು ಬಳಕೆದಾರನೋ, ಮಾದರಿ ಓದುವ ದಾಖಲೆಯೋ ಹೇಳಿದರೆ ಮಾದರಿ ಕೇಳಿಬಿಡಬಹುದು. ಇದಕ್ಕೆ ಪೂರ್ಣ ಮದ್ದಿಲ್ಲದಿರುವುದರಿಂದ, ಬಳಕೆದಾರನಿಗೆ ಇಲ್ಲದ ಅಧಿಕಾರವನ್ನು ಅವನ ಪರವಾಗಿ ಮಾತನಾಡುವ ಮಾದರಿಗೂ ಕೊಡಬಾರದು.

ಎಲ್ಲಿಂದ ಆರಂಭಿಸಬೇಕು?

ಮಾದರಿಯನ್ನು ಜೋಡಿಸುವ ಮೊದಲೇ ಒಂದು ನಕಲಿ ಮಾದರಿ ಬರೆಯಿರಿ. ಮೊದಲೇ ಬರೆದಿಟ್ಟ ಒಂದು ಪ್ಯಾರಾವನ್ನು ಪದಕ್ಕೊಮ್ಮೆ 100 ಮಿಲಿಸೆಕೆಂಡ್ ತಡೆದು ಕೊಡುವ ಜಾವಾ ಮೆಥಡ್ ಸಾಕು. ಖರ್ಚಿಲ್ಲ, ಉತ್ತರ ಪ್ರತಿ ಸಲವೂ ಒಂದೇ, ಹಾಗಾಗಿ ತಪ್ಪಾದರೆ ಅದು ನಿಮ್ಮ ದಾರಿಯದ್ದೇ ಎಂದು ಖಚಿತವಾಗುತ್ತದೆ.

ಇದರ ಮೇಲೆ ಎರಡು ಬ್ರೌಸರ್ ಕಿಟಕಿಗಳನ್ನು ತೆರೆದು ಏಕಕಾಲಕ್ಕೆ ಪ್ರಶ್ನೆ ಕೇಳಿ, ಒಂದರ ಉತ್ತರ ಇನ್ನೊಂದರಲ್ಲಿ ಬರುತ್ತದೆಯೇ ನೋಡಿ. ಉತ್ತರದ ನಡುವೆ ನಿಲ್ಲಿಸು ಒತ್ತಿ, ನಕಲಿ ಮಾದರಿಯೂ ನಿಂತಿತೇ ಎಂದು ಲಾಗ್‌ನಲ್ಲಿ ಗಮನಿಸಿ. ಇನ್ನೊಂದು ಉತ್ತರದ ನಡುವೆ ಜಾಲವನ್ನು ಕಡಿದು ಹತ್ತು ಸೆಕೆಂಡು ಬಿಟ್ಟು ಮತ್ತೆ ಜೋಡಿಸಿ; ಒಂದೂ ಪದ ಬಿಡದೆ, ಒಂದೂ ಪದ ಎರಡು ಸಲ ಬಾರದೆ ಪ್ಯಾರಾ ಪೂರ್ತಿಯಾದರೆ ನಕಲಿಯನ್ನು ತೆಗೆದು ನಿಜವಾದ ಮಾದರಿಯನ್ನು ಆ ಜಾಗದಲ್ಲಿ ಕೂರಿಸಬಹುದು.